ಬಜಪೆಯ ಪದವಿನ ಕಾವಲು ಬಂಡಿ

ಬರುವವರನ್ನು ಎದುರುಗೊಳ್ಳಲು ಹೋಗಿ ಕಾದು ನಿಲ್ಲುವುದು ಗೃಹಸ್ಥನಾದವನಿಗೆ ತಪ್ಪದ ಕೆಲಸ. ನಮ್ಮ ಹಿರಿಯರು ಊರ ಮುಂದಣ ಅರಳಿಕಟ್ಟೆಯ ಮೇಲೆ ಕುಳಿತು ಎತ್ತಿನ ಬಂಡಿಯ ಗಂಟೆಯ ಸದ್ದಿಗೆ ಕಿವಿಗೊಡುತ್ತಿದ್ದರು. ನಾವು ಎಳೆಯರಾಗಿದ್ದಾಗ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಕೈಮರದ ಕಡೆ ನೋಡುತ್ತಿದ್ದೆವು. ಈಗ ವಿಮಾನ ನಿಲ್ದಾಣದ ಗಾಜಿನ ಬಾಗಿಲ ಮುಂದೆ ನಿಲ್ಲುತ್ತೇವೆ. ವಾಹನ ಬದಲಾಯಿತು, ಕಾಯುವವನ ಮನಸ್ಸು ಬದಲಾಗಲಿಲ್ಲ. ಬರಬೇಕಾದುದು ಒಂದು ಗಳಿಗೆ ತಡವಾದರೆ ಹೊಟ್ಟೆಯೊಳಗೆ ಏಳುವ ಕಳವಳ ಅಂದಿನದೇ ಇಂದಿಗೂ.

ದುಬಾಯಿಯಲ್ಲಿರುವ ನನ್ನ ಮಗಳೂ ಅಳಿಯನೂ ನಾಲ್ಕು ವರ್ಷದ ಮೊಮ್ಮಗನನ್ನು ಕರೆದುಕೊಂಡು ರಜೆಗೆ ಬರುವುದಾಗಿ ತಿಳಿಸಿದುದರಿಂದ ನಾನು ಘಟ್ಟ ಇಳಿದು ಮಂಗಳೂರಿಗೆ ಹೋಗಿದ್ದೆನು. ಅಳಿಯನ ಮನೆಯವರು ಆ ಕಡೆಯವರೇ. ಬೀಗರ ತಮ್ಮಂದಿರು ವಿಮಾನ ನಿಲ್ದಾಣಗಳ ಅಗ್ನಿಶಾಮಕ ದಳದಲ್ಲಿ ಬಹು ವರ್ಷ ಸೇವೆ ಸಲ್ಲಿಸಿ, ಈಗ ನಿವೃತ್ತರಾಗಿ, ಮನೆಯ ಅಡಕೆ ತೆಂಗುಗಳನ್ನು ನೋಡಿಕೊಂಡಿರುವರು. ಮಿತಭಾಷಿಗಳು; ಆದರೆ ಹಿಂದಿನ ಉದ್ಯೋಗದ ಮಾತು ಬಂದರೆ ಅವರ ಕಣ್ಣಿನಲ್ಲಿ ಒಂದು ಬಗೆಯ ಹೊಳಪು ಮೂಡುವುದು. "ನಾಳೆ ಬೆಳಿಗ್ಗೆ ಬಜಪೆಗೆ ನಾನೂ ಬರುತ್ತೇನೆ, ಬೀಗರೇ. ಈ ಸಂಜೆ ಮಾತ್ರ ನೀವು ನನ್ನೊಡನೆ ಒಂದು ಸ್ಥಳಕ್ಕೆ ಬರಬೇಕು. ಅದನ್ನು ನೋಡಿದ ಮೇಲೆ ಬಜಪೆಯನ್ನು ನೋಡಿದರೆ ಅರ್ಥವಾದೀತು" ಎಂದರು.

ಅವರು ನನ್ನನ್ನು ಕರೆದೊಯ್ದುದು ಕೂಳೂರಿನ ಸೇತುವೆಯ ಬಳಿ, ತಣ್ಣೀರುಬಾವಿಯ ಕಡೆ, ಫಲ್ಗುಣಿ ನದಿಯ ತಡಿಗೆ. ಗುರುಪುರ ಹೊಳೆ ಎಂದೂ ಜನರು ಕರೆಯುವ ಈ ನದಿ ಅಲ್ಲಿಂದ ಸ್ವಲ್ಪ ದೂರ ಹರಿದು ಸಮುದ್ರವನ್ನು ಸೇರುವುದು. ದಡದಲ್ಲಿ ಒಂದು ಸ್ಮಾರಕದ ಉದ್ಯಾನವಿದೆ. 2010ನೆಯ ಇಸವಿ ಮೇ ತಿಂಗಳ 22ನೆಯ ತಾರೀಖಿನಂದು ಬಜಪೆಯಲ್ಲಿ ಇಳಿಯಲು ಹೋಗಿ ಕಣಿವೆಗೆ ಬಿದ್ದು ಸುಟ್ಟುಹೋದ ವಿಮಾನದಲ್ಲಿ ಪ್ರಾಣ ಬಿಟ್ಟ 158 ಮಂದಿಯ ನೆನಪಿಗಾಗಿ ಅದನ್ನು ಮಾಡಿರುವರು. ಬೆಂಕಿಯಲ್ಲಿ ರೂಪಗೆಟ್ಟು, ಇವರು ಇಂಥವರೆಂದು ಹೇಳಲಾಗದಂತೆ ಆದ ಕೆಲವು ಶರೀರಗಳಿಗೆ ಆ ನದೀತೀರದಲ್ಲಿಯೇ ಮಣ್ಣು ಕೊಟ್ಟರು. ವರ್ಷಕ್ಕೊಮ್ಮೆ ಆ ದಿನ ಜಿಲ್ಲೆಯ ಅಧಿಕಾರಿಗಳೂ ಮೃತರ ಬಂಧುಗಳೂ ಬಂದು ಹೂವಿಟ್ಟು ಹೋಗುವ ಪದ್ಧತಿಯಿದೆ. ನಾವು ಹೋದಾಗ ಯಾರೂ ಇರಲಿಲ್ಲ. ಬೀಗರ ತಮ್ಮಂದಿರು ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ನಿಂತರು. ನಾನೂ ನಿಂತೆನು. ಆ ವಿಮಾನವೂ ದುಬಾಯಿಯಿಂದಲೇ ಬಂದುದೆಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿದ್ದಿತು. ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಇನ್ನೂ ನಸುಕಿರುವಾಗಲೇ ಹೊರಟೆವು. ಮಂಗಳೂರಿನಿಂದ ಬಜಪೆಗೆ ಹೋಗುವವರು ಕಾವೂರನ್ನು ದಾಟಿ, ಮರವೂರಿನ ಸೇತುವೆಯ ಮೇಲೆ ಹಿಂದಿನ ಸಂಜೆ ನಾವು ಕಂಡಿದ್ದ ಅದೇ ಹೊಳೆಯನ್ನು ಹಾಯ್ದು, ಆಮೇಲೆ ಗುಡ್ಡವನ್ನು ಹತ್ತಬೇಕು. ಕೆಳಗೆ ತೆಂಗು, ಅಡಕೆ, ಗದ್ದೆಗಳ ಹಸಿರು. ಮೇಲೇರುತ್ತ ಹೋದಂತೆ ಮುರಕಲ್ಲಿನ ಕೆಂಪು. ಗುಡ್ಡದ ನೆತ್ತಿ ಮೇಜಿನಂತೆ ಚಪ್ಪಟೆಯಾಗಿರುವುದನ್ನು ತುಳುನಾಡಿನವರು ಪದವು ಎನ್ನುವರು. ಇಂತಹ ಪದವಿನ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿ, ಬಜಪೆಯ ವಿಮಾನ ನಿಲ್ದಾಣವಿದೆ. 1951ನೆಯ ಇಸವಿ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂರವರು ಡಕೋಟಾ ವಿಮಾನದಲ್ಲಿ ಬಂದಿಳಿದು ಇದನ್ನು ಆರಂಭಿಸಿದರು. ಮೊದಲಿನ ಓಡುದಾರಿ 1,615 ಮೀಟರ್ ಉದ್ದದ್ದು. ದೊಡ್ಡ ವಿಮಾನಗಳು ಬರತೊಡಗಿದ ಮೇಲೆ 2006ರಲ್ಲಿ 2,450 ಮೀಟರಿನ ಎರಡನೆಯ ಓಡುದಾರಿ ಬಳಕೆಗೆ ಬಂದಿತು. ದಾರಿ ಉದ್ದವಾಯಿತು, ಆದರೆ ಪದವು ಪದವೇ ಅಲ್ಲವೆ? ಅದರ ಅಂಚು ಮುಗಿದಲ್ಲಿ ಕಣಿವೆ.

ನಾವು ನಿಲ್ದಾಣ ಸೇರಿದಾಗ ವಿಮಾನ ಒಂದೂವರೆ ಗಂಟೆ ತಡವೆಂದು ತಿಳಿಯಿತು. ನನ್ನ ಮುಖವನ್ನು ನೋಡಿ ಬೀಗರ ತಮ್ಮಂದಿರು ನಕ್ಕು, "ತಡವಾಗುವುದು ಅಪಶಕುನವಲ್ಲ, ಮಾರಾಯರೇ. ಹಿಂದೊಮ್ಮೆ ನೀವು ನಮ್ಮ ಬಂಡಿಯನ್ನು ನೋಡಿದ್ದಿರಷ್ಟೆ. ಅದರ ವಿಚಾರವನ್ನು ಆ ದಿನ ಪೂರ್ತಿ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ" ಎಂದು ನನ್ನನ್ನು ಕಾಫಿಯ ಅಂಗಡಿಯ ಕಡೆ ಕರೆದುಕೊಂಡು ಹೋದರು.

ಅವರು ಹೇಳಿದ ಆ ಬಂಡಿಯನ್ನು ನಾನು ಕಂಡುದು ಅವರು ಸೇವೆಯಲ್ಲಿದ್ದ ಮತ್ತೊಂದು ಊರಿನ ನಿಲ್ದಾಣದಲ್ಲಿ, ಅಭ್ಯಾಸದ ದಿನ. ವಿಮಾನ ಬಿದ್ದಿದೆಯೆಂದೇ ಭಾವಿಸಿಕೊಂಡು, ಊರಿನ ಆಸ್ಪತ್ರೆ, ಪೋಲೀಸು, ಅಗ್ನಿಶಾಮಕ ದಳಗಳೆಲ್ಲವನ್ನೂ ಸೇರಿಸಿಕೊಂಡು ನಡೆಸುವ ಇಂತಹ ಪೂರ್ಣ ಅಭ್ಯಾಸವು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆಯಾದರೂ ಆಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆ ದಿನ ಅನುಮತಿಯ ಚೀಟಿ ಪಡೆದು ನಾನೂ ಒಂದು ಮೂಲೆಯಲ್ಲಿ ನಿಂತಿದ್ದೆನು.

ಊರಿನ ಬೀದಿಗಳಲ್ಲಿ ಗಂಟೆ ಬಾರಿಸಿಕೊಂಡು ಹೋಗುವ ಬೆಂಕಿಯಂತ್ರವನ್ನು ವಾಚಕರು ನೋಡಿಯೇ ಇರುವರು. ಇದು ಅದರ ಅಣ್ಣನೆಂದು ಹೇಳಿದರೆ ಸಾಲದು, ಜಾತಿಯೇ ಬೇರೆ. ನಮ್ಮ ದೇಶದ ನಿಲ್ದಾಣಗಳಲ್ಲಿ ಇದನ್ನು ಕ್ರ್ಯಾಶ್ ಟೆಂಡರ್ ಎಂದು ಕರೆಯುವರು. ಆಳೆತ್ತರವನ್ನು ಮೀರಿದ ಮುಂಭಾಗ, ಬಹುಪಾಲು ಗಾಜೇ ಆದ ಚಾಲಕನ ಕೋಣೆ, ನಾಲ್ಕೋ ಆರೋ ದೊಡ್ಡ ಗಾಲಿಗಳು. ಗಾಲಿಗಳೆಲ್ಲಕ್ಕೂ ಎಂಜಿನ್ನಿನ ಬಲ ಮುಟ್ಟುವುದರಿಂದ ಕೆಸರಿನಲ್ಲಿಯೂ ಹುಲ್ಲಿನಲ್ಲಿಯೂ ಅದು ಓಡಬಲ್ಲುದು. ಬಣ್ಣ ಕೆಂಪು, ಇಲ್ಲವೆ ಎಳೆ ನಿಂಬೆಯ ಹಳದಿಹಸಿರು. ದೂರದಿಂದ ಕಣ್ಣಿಗೆ ಬೀಳಬೇಕೆಂಬುದೇ ಉದ್ದೇಶ. ಆಸ್ಟ್ರಿಯಾ ದೇಶದ ಲಿಯೋಂಡಿಂಗ್ ಎಂಬ ಊರಿನಲ್ಲಿ ಮನೆ ಮಾಡಿರುವ ರೋಸೆನ್‌ಬಾವರ್ ಕಂಪನಿಯವರು ಇಂತಹ ಬಂಡಿಗೆ ಪ್ಯಾಂಥರ್ ಎಂದು ಚಿರತೆಯ ಹೆಸರನ್ನು ಇಟ್ಟಿರುವರು. ನಮ್ಮ ದೇಶದ ಅನೇಕ ನಿಲ್ದಾಣಗಳಲ್ಲಿ ಆ ಚಿರತೆಗಳಿವೆ. ಅಮೆರಿಕದಲ್ಲಿ ಆಶ್‌ಕಾಶ್ ಕಂಪನಿಯವರ ಸ್ಟ್ರೈಕರ್ ಎಂಬುದು ಹೆಸರಾದುದು.

ಊರಿನ ಬೆಂಕಿಯಂತ್ರ ಸ್ಥಳಕ್ಕೆ ಹೋಗಿ ನಿಂತು, ಕೊಳವೆ ಬಿಚ್ಚಿ, ನೀರು ಬಿಡುವುದು. ಈ ಬಂಡಿಗೆ ಅಷ್ಟು ಪುರಸತ್ತಿಲ್ಲ. ಇದು ಓಡುತ್ತ ಓಡುತ್ತಲೇ ನೀರನ್ನು ಚಿಮ್ಮಬಲ್ಲುದು. ಚಾವಣಿಯ ಮೇಲೆ ಫಿರಂಗಿಯಂತಹ ಒಂದು ಮೂತಿ, ಮುಂದಿನ ಬಂಪರಿನ ಮೇಲೆ ಮತ್ತೊಂದು. ಒಳಗೆ ಕುಳಿತವನೊಬ್ಬನೇ ಕೈಹಿಡಿಯ ಒಂದು ಕೋಲನ್ನು ಆಡಿಸಿ ಅವನ್ನು ಬೇಕಾದ ಕಡೆ ತಿರುಗಿಸುವನು. ದೊಡ್ಡ ಮೂತಿಯ ಧಾರೆ 80 ಮೀಟರಿನಷ್ಟು ದೂರ ಹೋಗಿ ಬೀಳುವುದು. ಚೆಲ್ಲಿದ ಎಣ್ಣೆ ಬಂಡಿಯ ಅಡಿಯಲ್ಲಿಯೇ ಹೊತ್ತಿಕೊಂಡರೆ ಅದನ್ನು ಆರಿಸಲು ಹೊಟ್ಟೆಯ ಕೆಳಗೂ ಸಣ್ಣ ಮೂತಿಗಳುಂಟು. ಕೆಲವು ಬಂಡಿಗಳಿಗೆ ಆನೆಯ ಸೊಂಡಿಲಿನಂತೆ ಚಾಚುವ ತೋಳೊಂದಿದ್ದು ಅದರ ತುದಿಯಲ್ಲಿ ಉಕ್ಕಿನ ಮೊಳೆಯಿರುವುದು. ಅದು ವಿಮಾನದ ಗೋಡೆಯನ್ನು ಚುಚ್ಚಿ ಒಳಹೊಕ್ಕು, ಆಸನಗಳ ನಡುವೆ ನೀರನ್ನು ಸಿಂಪಡಿಸುವುದು.

ಇಷ್ಟೆಲ್ಲ ಸನ್ನಾಹ ಯಾತಕ್ಕೆಂದು ನಾನು ಆ ದಿನ ಕೇಳಿದ್ದೆನು. ಆಗ ಬಾರಿಸಿದ ಗಂಟೆ ಉತ್ತರವನ್ನು ನುಂಗಿಬಿಟ್ಟಿತು. ಉಳಿದುಹೋಗಿದ್ದ ಆ ಉತ್ತರ ಬಜಪೆಯ ಕಾಫಿಯ ಅಂಗಡಿಯಲ್ಲಿ ದೊರೆಯಿತು.

"ಅಡಿಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ ಹೊತ್ತಿಕೊಂಡರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ?" ಎಂದು ಅವರು ಕೇಳಿದರು.

"ತಟ್ಟೆ ಮುಚ್ಚುತ್ತಾರೆ."

"ನೀರು ಹಾಕುವುದಿಲ್ಲವಷ್ಟೆ? ಹಾಕಿದರೆ ಎಣ್ಣೆ ಸಿಡಿದು ಬೆಂಕಿ ಮನೆಯನ್ನೆಲ್ಲ ಹಬ್ಬೀತು. ವಿಮಾನದ ರೆಕ್ಕೆಗಳೊಳಗಿರುವುದೂ ಎಣ್ಣೆಯೇ, ಸೀಮೆಎಣ್ಣೆಯ ಜಾತಿಯದು. ಸಾವಿರಾರು ಲೀಟರ್ ಎಣ್ಣೆ ನೆಲದ ಮೇಲೆ ಹರಿದು ಉರಿಯುವಾಗ ಅದರ ಮೇಲೆ ಮುಚ್ಚುವ ತಟ್ಟೆಯನ್ನು ಎಲ್ಲಿಂದ ತರೋಣ? ನೊರೆಯೇ ನಮ್ಮ ತಟ್ಟೆ."

ಬಂಡಿಯ ಹೊಟ್ಟೆಯಲ್ಲಿ ನೀರಿನ ತೊಟ್ಟಿಯ ಜೊತೆಗೆ ನೊರೆಯ ದ್ರವದ ತೊಟ್ಟಿಯೂ ಇರುವುದು. ನೂರು ಪಾಲಿನಲ್ಲಿ ಮೂರೋ ಆರೋ ಪಾಲು ಈ ದ್ರವ, ಉಳಿದುದು ನೀರು. ಎರಡೂ ಬೆರೆತು ಹೊರಕ್ಕೆ ಚಿಮ್ಮಿದಾಗ ಅಂಟುವಾಳದ ನೊರೆಯಂತೆ ಉಬ್ಬಿ, ಎಣ್ಣೆಯ ಮೇಲೆ ತೇಲಿ, ಗಾಳಿ ಸೋಕದಂತೆ ಹೊದಿಕೆಯಾಗಿ ನಿಲ್ಲುವುದು. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರೂ 3ಎಂ ಕಂಪನಿಯವರೂ ಸೇರಿ ಎಣ್ಣೆಯ ಮೇಲೆ ತೆಳುಪೊರೆಯಾಗಿ ಬೇಗನೆ ಹಬ್ಬುವ ಹೊಸ ಬಗೆಯ ನೊರೆಯನ್ನು ಕಂಡುಹಿಡಿದರು. ಅದು ಅಸಂಖ್ಯ ಪ್ರಾಣಗಳನ್ನು ಉಳಿಸಿತೆಂಬುದು ನಿಜ. ಅದರಲ್ಲಿದ್ದ ಫ್ಲೋರೀನಿನ ಸಂಯುಕ್ತಗಳು ಮಣ್ಣಿನಲ್ಲಿ ಕರಗದೆ ಕೊಳೆಯದೆ ಉಳಿದು ಬಾವಿಯ ನೀರಿಗೂ ಇಳಿಯುವುವೆಂಬುದು ತಡವಾಗಿ ತಿಳಿದು, ಈಗ ಅನೇಕ ದೇಶಗಳವರು ಫ್ಲೋರೀನಿಲ್ಲದ ನೊರೆಗೆ ತಿರುಗುತ್ತಿರುವರೆಂಬುದೂ ನಿಜ. ಔಷಧವೂ ವಿಷವೂ ಒಂದೇ ಬೇರಿನಲ್ಲಿರುವುದು ಹೊಸ ಮಾತೇನೂ ಅಲ್ಲ.

ಅನಂತರ ಅವರು ಚೀಟಿಯೊಂದರ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ವಿಮಾನದ ಉದ್ದ ಅಗಲಗಳನ್ನು ನೋಡಿ ನಿಲ್ದಾಣಗಳಿಗೆ ಹತ್ತು ದರ್ಜೆಗಳನ್ನು ಮಾಡಿರುವರು. ದುಬಾಯಿಯಿಂದ ಬಜಪೆಗೆ ಬರುವ ಬೋಯಿಂಗ್ 737-800 ಎಂಬುದು ಸುಮಾರು 39.5 ಮೀಟರ್ ಉದ್ದವಿರುವುದರಿಂದ ಏಳನೆಯ ದರ್ಜೆಗೆ ಸೇರಿದುದು. ಆ ದರ್ಜೆಗೆ ಎರಡು ಬಂಡಿಗಳಾದರೂ ಇರಬೇಕು; ಇಂದು ಸಾಮಾನ್ಯವಾಗಿ ಬಳಸುವ ನೊರೆಯಾದರೆ ಅವುಗಳಲ್ಲಿ ಒಟ್ಟು 12,100 ಲೀಟರ್ ನೀರು ಇರಬೇಕು; ನಿಮಿಷಕ್ಕೆ 5,300 ಲೀಟರಿನಂತೆ ಅದನ್ನು ಚಿಮ್ಮಬೇಕು.

"ಹೆಂಗಸರು ಸೊಂಟದಲ್ಲಿ ಹೊರುವ ಕೊಡಕ್ಕೆ 15 ಲೀಟರ್ ಎಂದಿಟ್ಟುಕೊಳ್ಳಿ, ಸುಮಾರು 800 ಕೊಡ ನೀರಾಯಿತು. ಅದು ಎಷ್ಟು ಹೊತ್ತು ಬರುತ್ತದೆ, ಭಾಗಿಸಿ ನೋಡಿ" ಎಂದರು.

ಭಾಗಿಸಿದೆನು. ಎರಡೂಕಾಲು ನಿಮಿಷವಾಯಿತು. ನಾನು ತಪ್ಪಿದೆನೆಂದು ಮತ್ತೊಮ್ಮೆ ಭಾಗಿಸಿದೆನು. ಲೆಕ್ಕ ಸರಿಯಾಗಿಯೇ ಇದ್ದಿತು.

"ಅಷ್ಟೇ, ಬೀಗರೇ. 800 ಕೊಡ ನೀರು ಎರಡೂಕಾಲು ನಿಮಿಷದ ಸಂಪತ್ತು. ಬೆಂಕಿಯನ್ನೆಲ್ಲ ಆರಿಸಿ ವಿಮಾನವನ್ನು ಉಳಿಸುತ್ತೇವೆಂದು ಜನ ತಿಳಿದುಕೊಂಡಿದ್ದಾರೆ. ವಿಮಾನ ಹೋದರೆ ಹೋಗಲಿ. ಒಳಗಿರುವವರು ಇಳಿದು ಓಡುವುದಕ್ಕೆ ಬೆಂಕಿಯ ನಡುವೆ ಒಂದು ದಾರಿ ಬಿಡಿಸಿ, ಆ ದಾರಿಯನ್ನು ಕೆಲವು ನಿಮಿಷ ಕಾಯುವುದು ನಮ್ಮ ಕೆಲಸ."

ವಿಮಾನದ ಹೊರಮೈ ತೆಳುವಾದ ಅಲ್ಯೂಮಿನಿಯಮ್ ತಗಡು. ಎಣ್ಣೆಯ ಉರಿ ಹೊರಗಿನಿಂದ ನೇರವಾಗಿ ತಗುಲಿದರೆ ಒಂದೆರಡು ನಿಮಿಷಗಳಲ್ಲಿ ಅದು ಕರಗಿ ತೂತಾಗಬಹುದು. ಹೊಗೆ ಅದಕ್ಕಿಂತ ಮುಂಚೆಯೇ ಒಳಗೆ ನುಗ್ಗಬಹುದು. ಬಾಗಿಲುಗಳಲ್ಲಿ ಅರ್ಧ ಮುಚ್ಚಿದ್ದರೂ ಒಳಗಿನವರೆಲ್ಲರೂ 90 ಸೆಕೆಂಡಿನಲ್ಲಿ ಹೊರಬರುವಂತಿರಬೇಕೆಂದು ವಿಮಾನ ಕಟ್ಟುವವರಿಗೆ ವಿಧಿಸಿರುವುದು ಇದೇ ಕಾರಣದಿಂದ. ಬಂಡಿಗಳಿಗೂ ಅಂತಹುದೇ ಕಟ್ಟಳೆ. ಗಂಟೆ ಬಾರಿಸಿದ ಮೇಲೆ ಓಡುದಾರಿಯ ಯಾವ ತುದಿಗಾದರೂ ಮೂರು ನಿಮಿಷ ಮೀರದಂತೆ, ಸಾಧ್ಯವಾದರೆ ಎರಡೇ ನಿಮಿಷಗಳಲ್ಲಿ ಹೋಗಿ ಮುಟ್ಟಿ ನೊರೆ ಬಿಡಬೇಕು. ಸಾವಿರಾರು ಲೀಟರ್ ನೀರನ್ನು ಹೊತ್ತ ಈ ಗಜಗಾತ್ರದ ಬಂಡಿ ನಿಂತಲ್ಲಿಂದ ಹೊರಟು 40 ಸೆಕೆಂಡಿನೊಳಗೆ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಏರಬೇಕೆಂದೂ, ಗಂಟೆಗೆ 100 ಕಿಲೋಮೀಟರಾದರೂ ಓಡಬೇಕೆಂದೂ ನಿಯಮವಿದೆ.

ಆ ಅಭ್ಯಾಸದ ದಿನ ಗಂಟೆ ಬಾರಿಸಿದುದು ನನಗೆ ನೆನಪಾಯಿತು. ಹರಟೆ ಹೊಡೆಯುತ್ತ ಕುಳಿತಿದ್ದವರು ಮಾತನ್ನು ಅರ್ಧದಲ್ಲಿಯೇ ಬಿಟ್ಟೆದ್ದರು. ಬೆಳ್ಳಿಯ ಬಣ್ಣದ ಉರಿತಡೆಯುವ ಅಂಗಿ, ಬೆನ್ನಿಗೆ ಗಾಳಿಯ ಸಿಲಿಂಡರು, ಮೊಣಕಾಲುದ್ದದ ಬೂಟು. ಇವನ್ನೆಲ್ಲ ಯಾವಾಗ ತೊಟ್ಟರೋ ನನಗೆ ಕಾಣಲಿಲ್ಲ. ನಿಂತಿರುವಾಗ ಬ್ರೇಕಿನ ಗಾಳಿಯೂ ಬ್ಯಾಟರಿಯ ಬಲವೂ ಇಳಿಯದಂತೆ ಬಂಡಿಗೆ ತಂತಿ ಕೊಳವೆಗಳನ್ನು ಜೋಡಿಸಿಟ್ಟಿರುವರು. ಅದು ಹೊರಟೊಡನೆ ಅವು ತಾವಾಗಿಯೇ ಕಳಚಿ ಬಿದ್ದುವು, ಕರು ಹಗ್ಗ ಹರಿದುಕೊಂಡು ಓಡಿದಂತೆ. ನೆಲ ನಡುಗಿತು. ನಾನು ಕೈಗಡಿಯಾರವನ್ನು ನೋಡಿ ತಲೆಯೆತ್ತುವುದರೊಳಗೆ ಬಂಡಿ ದೂರದ ಹುಲ್ಲಿನ ಬಯಲಿನಲ್ಲಿ ಆಟಿಕೆಯಷ್ಟು ಚಿಕ್ಕದಾಗಿ, ಬಿಳಿಯ ಧಾರೆಯನ್ನು ಚಿಮ್ಮುತ್ತಿದ್ದಿತು.

ಆದರೆ ಅಂತಹ ದಿನಗಳು ವಿರಳ. ಉಳಿದ ದಿನಗಳಲ್ಲಿ ಅವರ ಕೆಲಸವೆಂದರೆ ಬೆಳಗಾದೊಡನೆ ಬಂಡಿಯನ್ನು ಓಡಿಸಿ ನೋಡುವುದು, ತೊಟ್ಟಿಯನ್ನು ಅಳೆಯುವುದು, ಮೂತಿಯನ್ನು ತಿರುಗಿಸಿ ನೋಡುವುದು, ಮತ್ತೆ ಒರೆಸಿ ನಿಲ್ಲಿಸುವುದು, ಕಾಯುವುದು. ಬಂಡಿಯೊಂದು ಕೆಟ್ಟರೆ ನಿಲ್ದಾಣದ ದರ್ಜೆಯೇ ಇಳಿದು, ದೊಡ್ಡ ವಿಮಾನಗಳಿಗೆ ಅಡ್ಡಿಯಾಗಬಹುದು. "ಇಷ್ಟು ವರ್ಷದ ಸೇವೆಯಲ್ಲಿ ಉರಿಯುವ ವಿಮಾನದ ಮುಂದೆ ಎಷ್ಟು ಸಲ ನಿಂತಿರಿ?" ಎಂದು ಕೇಳಿದೆನು. "ಒಮ್ಮೆಯೂ ಇಲ್ಲ. ಅದಕ್ಕಾಗಿ ದೇವರಿಗೆ ಕೈಮುಗಿಯದ ದಿನವೂ ಇಲ್ಲ" ಎಂದರು. ಬಾಳಿನ ಬಹುಭಾಗವನ್ನು ಒಂದು ಕೆಲಸಕ್ಕೆ ಸಿದ್ಧನಾಗುವುದರಲ್ಲಿ ಕಳೆದು, ಆ ಕೆಲಸ ಬಾರದಿರಲೆಂದು ಬೇಡಿಕೊಳ್ಳುವ ವೃತ್ತಿ ಇನ್ನಾವುದಿದೆಯೋ ನಾನರಿಯೆ.

ಇನ್ನೂ ಸಮಯವಿದ್ದುದರಿಂದ ಕೆಂಜಾರಿನ ಕಡೆ ಇಳಿಯುವ ದಾರಿಯಲ್ಲಿ ಸ್ವಲ್ಪ ದೂರ ಹೋದೆವು. ಒಂದು ತಿರುವಿನಲ್ಲಿ ಅವರು ಕಾರನ್ನು ನಿಲ್ಲಿಸಿದರು. ಮೇಲೆ ಪದವಿನ ಅಂಚು. ಕೆಳಗೆ ಮರಗಿಡಗಳು ತುಂಬಿದ ಇಳಿಜಾರು. ಬೆಳಗಿನ ಮಂಜು ತಗ್ಗಿನಲ್ಲಿ ಇನ್ನೂ ಕರಗಿರಲಿಲ್ಲ. ಎಲ್ಲಿಯೋ ಒಂದು ಕೋಳಿ ಕೂಗುತ್ತಿದ್ದಿತು.

2010ರ ಆ ಮುಂಜಾನೆ, ಆರು ಗಂಟೆ ಕಳೆದು ಕೆಲವು ನಿಮಿಷಗಳಾಗಿದ್ದಾಗ, 166 ಮಂದಿಯನ್ನು ಹೊತ್ತ ವಿಮಾನ ಪಶ್ಚಿಮದ ಕಡೆ ಮುಖಮಾಡಿ ಇಳಿಯಿತು. 2,450 ಮೀಟರಿನ ದಾರಿಯಲ್ಲಿ ಸುಮಾರು 1,600 ಮೀಟರ್ ಕಳೆದುಹೋದ ಮೇಲೆ ಅದರ ಗಾಲಿಗಳು ನೆಲ ಮುಟ್ಟಿದುವು. ಇಳಿಯಬೇಡಿ, ಮತ್ತೊಮ್ಮೆ ಸುತ್ತಿ ಬರೋಣವೆಂದು ಜೊತೆಯ ಚಾಲಕ ಮೂರು ಸಲ ಹೇಳಿದ್ದನೆಂಬುದು ಆಮೇಲಿನ ವಿಚಾರಣೆಯಿಂದ ತಿಳಿದುಬಂದಿತು. ಉಳಿದ ದಾರಿ ಸಾಲಲಿಲ್ಲ. ಓಡುದಾರಿಯ ಕೊನೆಯನ್ನೂ ಅದರಾಚೆಯ ಮರಳಿನ ಹಾಸನ್ನೂ ದಾಟಿ, ವಿಮಾನಗಳಿಗೆ ದಿಕ್ಕು ತೋರುವ ಯಂತ್ರದ ಕಾಂಕ್ರೀಟಿನ ಕಟ್ಟೆಗೆ ರೆಕ್ಕೆ ಬಡಿದು, ವಿಮಾನವು ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಒಡೆದ ಬಿರುಕಿನ ಮೂಲಕ ಹೊರಬಿದ್ದು ಬದುಕಿದವರು ಎಂಟೇ ಮಂದಿ. ಸತ್ತವರಲ್ಲಿ ಬಹುಮಂದಿ ಸುಟ್ಟ ಗಾಯಗಳಿಂದಲೇ ಸತ್ತರು.

"ಬಂಡಿಗಳು ಮೇಲಿದ್ದುವು, ಬೆಂಕಿ ಕೆಳಗಿದ್ದಿತು" ಎಂದರು ಬೀಗರ ತಮ್ಮಂದಿರು, ಇಳಿಜಾರನ್ನು ತೋರಿಸುತ್ತ. "ಹಕ್ಕಿಗೆ ಇದು ಎಷ್ಟು ದೂರ? ರೆಕ್ಕೆ ಬಡಿದರೆ ಬಂದು ಮುಟ್ಟೀತು. 12,000 ಲೀಟರ್ ನೀರು ಹೊತ್ತ ಬಂಡಿಗೆ ಇದು ಬೇರೆ ದೇಶ. ಸಪಾಟಾದ ಓಡುದಾರಿಯ ಮೇಲೆ ಚಿರತೆಯಂತೆ ಹಾರುವ ಬಂಡಿ, ಕಡಿದಾದ ಇಕ್ಕಟ್ಟು ದಾರಿಯಲ್ಲಿ ತುಂಬು ಗರ್ಭಿಣಿಯಂತೆ ನಡೆಯಬೇಕು. ಬೆಂಕಿ ಅಲ್ಲಿಯವರೆಗೆ ಕಾಯುವುದಿಲ್ಲ."

ಆ ಹೊತ್ತಿನಲ್ಲಿ ಕಣಿವೆಗೆ ಮೊದಲು ಓಡಿದವರು ಆ ಹಳ್ಳಿಯ ಜನರು. ಕೊಡಗಳಲ್ಲಿ ನೀರು ಹೊತ್ತು, ಸಿಕ್ಕಿದವರನ್ನು ಹೆಗಲಿಗೆ ಹಾಕಿಕೊಂಡು, ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಹತ್ತು ವರ್ಷಗಳ ತರುವಾಯ, 2020ರ ಆಗಸ್ಟ್ 7ರ ರಾತ್ರಿ, ಕೇರಳದ ಕರಿಪ್ಪೂರಿನಲ್ಲಿ ಇಂತಹುದೇ ಗುಡ್ಡದ ಓಡುದಾರಿಯಿಂದ 190 ಮಂದಿಯಿದ್ದ ವಿಮಾನವು ಮಳೆಯಲ್ಲಿ ಜಾರಿ ಕೆಳಕ್ಕೆ ಬಿದ್ದು ಮುರಿದಾಗಲೂ ನೆರೆಹೊರೆಯವರೇ ಮೊದಲು ಓಡಿಬಂದರು. ಅಲ್ಲಿ ಬೆಂಕಿ ಹೊತ್ತಲಿಲ್ಲ. 21 ಮಂದಿ ತೀರಿಕೊಂಡರು, ಉಳಿದವರು ಬದುಕಿದರು. ಎರಡು ಕಣಿವೆಗಳ ಈ ಲೆಕ್ಕವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಬೆಂಕಿಯೆಂಬುದು ಎಷ್ಟು ಮಂದಿಯನ್ನು ಒಯ್ಯುವುದೆಂಬುದು ತಾನಾಗಿ ತಿಳಿಯುವುದು.

ನಮ್ಮ ಬೆಂಗಳೂರಿನಲ್ಲಿ 1990ರ ಫೆಬ್ರವರಿ 14ರಂದು ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವೂ ಬಿದ್ದುದು ನಿಲ್ದಾಣದ ಎಲ್ಲೆಯ ಹೊರಗೆ, ಗಾಲ್ಫಿನ ಮೈದಾನವನ್ನು ತಾಗಿ ಅದರಾಚೆಯ ಜೌಗುನೆಲದಲ್ಲಿ. 146 ಮಂದಿಯಲ್ಲಿ 92 ಮಂದಿ ಸತ್ತರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಮೇಲೇರಿದ ವಿಮಾನವು ನಿಲ್ದಾಣದ ಹೊರಗಣ ವೈದ್ಯ ವಿದ್ಯಾರ್ಥಿಗಳ ವಸತಿಯ ಮೇಲೆಯೇ ಬಿದ್ದಿತು. ವಿಮಾನವು ನಮ್ಮ ಬೇಲಿಯನ್ನು ಕೇಳಿ ಬೀಳುವುದಿಲ್ಲ. ಆದುದರಿಂದಲೇ ಓಡುದಾರಿಯ ತುದಿಯಿಂದ 1,000 ಮೀಟರಿನವರೆಗಿನ ನೆಲಕ್ಕೆ ಬಂಡಿ ಹೋಗುವ ದಾರಿಯಿರಬೇಕೆಂದೂ, ಬೇಲಿಯಿರುವಲ್ಲಿ ಹೊರಕ್ಕೆ ಸುಲಭವಾಗಿ ಹೋಗುವ ಬಾಗಿಲಿರಬೇಕೆಂದೂ ಅಂತರರಾಷ್ಟ್ರೀಯ ನಿಯಮಗಳಲ್ಲಿ ಸೂಚಿಸಿರುವರು.

ಬಂಡಿ ಬೇಗನೆ ಬಂದರೂ ಎಲ್ಲವೂ ಮುಗಿದಂತಲ್ಲ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೇಲೇರಲು ಓಡುತ್ತಿದ್ದ ವಿಮಾನದ ಎಂಜಿನ್ ಸಿಡಿದು ಬೆಂಕಿ ಹತ್ತಿದಾಗ ಬಂಡಿಗಳು ಒಂದು ನಿಮಿಷದೊಳಗೆ ಬಂದು ಮುಟ್ಟಿದುವು. ಆದರೂ 137 ಮಂದಿಯಲ್ಲಿ 55 ಮಂದಿ, ಹೆಚ್ಚಾಗಿ ಹೊಗೆಯಿಂದ, ಸತ್ತರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ ಹೊರಬರಲಾಗಲಿಲ್ಲ. ವಿಮಾನದ ನೆಲದಲ್ಲಿ ದಾರಿ ತೋರುವ ದೀಪಗಳೂ, ಬೇಗನೆ ಹೊತ್ತದ ಆಸನದ ಹೊದಿಕೆಗಳೂ ಬಂದುದು ಅಂತಹ ದುರಂತಗಳ ಪಾಠದಿಂದ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುರಿದುಬಿದ್ದ ವಿಮಾನದ ಬಳಿ ನೊರೆಯಲ್ಲಿ ಮುಚ್ಚಿಹೋಗಿದ್ದ ಎಳೆಯ ಹುಡುಗಿಯೊಬ್ಬಳ ಮೇಲೆ ಕಾಪಾಡಲು ಬಂದ ಬಂಡಿಯೇ ಹರಿಯಿತು. ಇದನ್ನು ಹೇಳುವಾಗ ಬೀಗರ ತಮ್ಮಂದಿರ ದನಿ ತಗ್ಗಿತು. "ವೇಗವನ್ನು ಕಲಿಸುವುದು ಸುಲಭ. ವೇಗದಲ್ಲಿಯೂ ನೆಲ ನೋಡುವುದನ್ನು ಕಲಿಸುವುದು ಕಷ್ಟ" ಎಂದರು.

ಮತ್ತೆ ತಾವೇ ಸಮಾಧಾನದ ಮಾತನ್ನೂ ಹೇಳಿದರು. 2024ರ ಜನವರಿ 2ರಂದು ಜಪಾನಿನ ಹನೆದಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವೊಂದು ಓಡುದಾರಿಯ ಮೇಲಿದ್ದ ಸಣ್ಣ ವಿಮಾನಕ್ಕೆ ಬಡಿದು ಉರಿದುಹೋಯಿತು. ಸಣ್ಣದರಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಮಂದಿಯೂ, ಕೈಚೀಲಗಳನ್ನು ಅಲ್ಲಿಯೇ ಬಿಟ್ಟು, ಸಿಬ್ಬಂದಿ ಹೇಳಿದಂತೆ ಕೇಳಿ, ಜಾರುಬಂಡೆಗಳ ಮೇಲೆ ಜಾರಿ ಬದುಕಿಕೊಂಡರು. "ಬೀಗರೇ, ಕಡೆಗೆ ಎರಡು ದಾರಿಗಳು ತೆರೆದಿರಬೇಕು. ಒಳಗಿನಿಂದ ಜನ ಬರುವ ದಾರಿ, ಹೊರಗಿನಿಂದ ನಾವು ಬರುವ ದಾರಿ. ಮೊದಲನೆಯದನ್ನು ಗಂಟುಮೂಟೆ ಕಟ್ಟುತ್ತದೆ. ಎರಡನೆಯದನ್ನು ನೋಡಲು ಬಂದ ಗುಂಪು ಕಟ್ಟುತ್ತದೆ. ಈ ಎರಡನ್ನು ಬಿಡಿಸಿಕೊಟ್ಟರೆ ಸಾಕು, ಗೃಹಸ್ಥರು ನಮಗೆ ಬೇರೇನೂ ಉಪಕಾರ ಮಾಡಬೇಕಾಗಿಲ್ಲ."

ಅಷ್ಟರಲ್ಲಿ ಮೂಡಣದಿಂದ ಸದ್ದು ಕೇಳಿಸಿತು. ಮಂಜಿನ ಮೇಲೆ ದೀಪಗಳು ಕಂಡುವು. ವಿಮಾನ ತಗ್ಗಿ ತಗ್ಗಿ ಬಂದು ಪದವಿನ ಮರೆಯಾಯಿತು. ನನ್ನ ಉಸಿರು ಎಲ್ಲಿ ನಿಂತಿದ್ದಿತೋ ನಾನರಿಯೆ. ಎಂಜಿನ್ನುಗಳ ಮೊರೆತ ಒಮ್ಮೆ ಏರಿ, ಮೆಲ್ಲಗೆ ಇಳಿಯತೊಡಗಿತು. ಬೀಗರ ತಮ್ಮಂದಿರು ಕಣ್ಣು ಮುಚ್ಚಿಕೊಂಡು ಆ ಸದ್ದನ್ನೇ ಕೇಳುತ್ತಿದ್ದರು. "ನಿಂತಿತು. ನಡೆಯಿರಿ, ಮೊಮ್ಮಗ ಬಂದ" ಎಂದರು.

ಮತ್ತೆ ಮೇಲೆ ಹೋಗಿ ಗಾಜಿನ ಬಾಗಿಲ ಮುಂದೆ ನಿಂತೆವು. ಪೆಟ್ಟಿಗೆಗಳ ಗಾಡಿಯ ಮೇಲೆ ರಾಜನಂತೆ ಕುಳಿತು ಮೊಮ್ಮಗ ಹೊರಬಂದನು. ನನ್ನ ಕುತ್ತಿಗೆಗೆ ಜೋತುಬಿದ್ದೊಡನೆ ಅವನು ಹೇಳಿದ ಮೊದಲ ಸುದ್ದಿ, ವಿಮಾನದ ಕಿಟಕಿಯಿಂದ ತಾನು ದೊಡ್ಡ ಬೆಂಕಿಬಂಡಿಯನ್ನು ಕಂಡೆನೆಂಬುದು. "ಅದು ಏನೂ ಮಾಡುತ್ತಿರಲಿಲ್ಲ, ತಾತ. ಸುಮ್ಮನೆ ನಿಂತಿತ್ತು" ಎಂದು ಅವನ ದೂರು.

ನಾನು ಬೀಗರ ತಮ್ಮಂದಿರ ಕಡೆ ನೋಡಿದೆನು. ಅವರು ಮಗುವಿನ ತಲೆಯನ್ನು ಸವರಿ, "ಹೌದು ಮಗಾ, ಅದರ ಕೆಲಸವೇ ಅದು" ಎಂದರು.

ಗುಡ್ಡ ಇಳಿದು ಮರವೂರಿನ ಸೇತುವೆಗೆ ಬಂದಾಗ ಬಿಸಿಲೇರಿ ಫಲ್ಗುಣಿಯ ನೀರು ಹೊಳೆಯುತ್ತಿದ್ದಿತು. ಮಗು ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಿತು. ಆ ನೀರು ಮುಂದೆ ಕೂಳೂರಿನ ದಡವನ್ನು ಮುಟ್ಟಿ ಹೋಗುವುದೆಂಬುದನ್ನು ನೆನೆದು ನಾನು ಮನಸ್ಸಿನಲ್ಲಿಯೇ ಕೈಮುಗಿದೆನು. ಎದುರಿನಿಂದ ಗಂಟೆ ಬಾರಿಸುತ್ತ ಯಾವುದೋ ಆಸ್ಪತ್ರೆಯ ವಾಹನ ಬರುತ್ತಿದ್ದಿತು. ಬೀಗರ ತಮ್ಮಂದಿರು ಒಂದು ಮಾತನ್ನೂ ಆಡದೆ ಕಾರನ್ನು ಸೇತುವೆಯ ಪಕ್ಕಕ್ಕೆ ಸರಿಸಿ, ಅದು ದಾಟಿಹೋಗುವವರೆಗೆ ನಿಲ್ಲಿಸಿಕೊಂಡರು.